ಬಿಸಿಲಿಗೆ ಹಾಕಿದ ದುಡ್ಡು

2024ರ ಸೆಪ್ಟೆಂಬರ್ 3, ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಹೈದರಾಬಾದಿನ ಪ್ರೀಮಿಯರ್ ಎನರ್ಜೀಸ್ ಕಂಪನಿಯ ಷೇರು ಪೇಟೆಗೆ ಬಂತು. ಐಪಿಒದಲ್ಲಿ 450 ರೂಪಾಯಿಗೆ ಹಂಚಿಕೆಯಾಗಿದ್ದ ಷೇರು ಎನ್‌ಎಸ್‌ಇಯಲ್ಲಿ 990 ರೂಪಾಯಿಗೆ ತೆರೆದುಕೊಂಡಿತು. ಒಂದು ಲಾಟ್ ಎಂದರೆ 33 ಷೇರು, ಕಟ್ಟಿದ ಹಣ 14,850 ರೂಪಾಯಿ. ಹತ್ತು ಗಂಟೆಗೆ ಅದರ ಬೆಲೆ 32,670. ಸೌರ ಸೆಲ್ ಮತ್ತು ಫಲಕ ತಯಾರಿಸುವ ನಮ್ಮೂರಿನದೇ ಕಂಪನಿ ಒಂದೇ ಬೆಳಗಿನಲ್ಲಿ ದುಡ್ಡನ್ನು ಇಮ್ಮಡಿಗಿಂತ ಹೆಚ್ಚು ಮಾಡಿಕೊಟ್ಟಿತು ಎಂಬ ಸುದ್ದಿ ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿಗೂ ತಲುಪಿತ್ತು. ಸಂಜೆ ಪೇಟೆ ಮುಚ್ಚುವ ಹೊತ್ತಿಗೆ ಅದೇ ಷೇರು 840ರ ಆಸುಪಾಸಿಗೆ ಇಳಿದಿತ್ತು. ಬೆಳಿಗ್ಗೆ ಸಂಭ್ರಮದಲ್ಲಿ 990ಕ್ಕೆ ಒಂದು ಲಕ್ಷದಷ್ಟು ಕೊಂಡವರ ಕೈಯಲ್ಲಿ ಸಂಜೆ ಉಳಿದದ್ದು ಸುಮಾರು 85 ಸಾವಿರ. ಈ ಎರಡನೆಯ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಚಹಾ ಹಿಡಿದು ನಿಲ್ಲುವವರಲ್ಲಿ ಕಲಬುರಗಿ, ಬೀದರ್, ರಾಯಚೂರು ಕಡೆಯವರೇ ಹೆಚ್ಚು. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಮಾಧಾಪುರದ ಸಾಫ್ಟ್‌ವೇರ್ ಕಂಪನಿಗಳ ಹುಡುಗರು. ಅವರ ಮಾತಿನಲ್ಲಿ ಈಚೆಗೆ ಸೌರ ಷೇರು ಬರದ ದಿನವೇ ಇಲ್ಲ. ಪ್ರಶ್ನೆಯೂ ಯಾವಾಗಲೂ ಒಂದೇ: "ಅವಾಗ ಒಂದ್ ಲಕ್ಷ ಹಾಕಿದ್ರ ಈಗ ಎಷ್ಟ್ ಆಗ್ತಿತ್ರೀ?" ಉತ್ತರ ಹೇಳುವವರೂ ಅಲ್ಲೇ ಇರುತ್ತಾರೆ. ಮೊಬೈಲಿನ ಕ್ಯಾಲ್ಕುಲೇಟರ್ ತೆರೆದು ಹಳೆಯ ಬೆಲೆಯಿಂದ ಇಂದಿನ ಬೆಲೆಯನ್ನು ಭಾಗಿಸಿ ಲಕ್ಷದಿಂದ ಗುಣಿಸುತ್ತಾರೆ. ಬಂದ ಮೊತ್ತ ಕೇಳಿ ಸುತ್ತಲಿದ್ದವರು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರೇ ಮುಂದಿನ ವಾರ ಯಾರದೋ ಉಳಿತಾಯವನ್ನು ಮತ್ತೊಂದು ಸೌರ ಷೇರಿಗೆ ಎಳೆಯುತ್ತದೆ.

ಈ ಲೆಕ್ಕದಲ್ಲಿ ಗುಣಾಕಾರ ಎಂದೂ ತಪ್ಪುವುದಿಲ್ಲ. ತಪ್ಪುವುದು ದಿನಾಂಕಗಳ ಆಯ್ಕೆಯಲ್ಲಿ. ಬಿಸಿಲಿನಿಂದ ಕರೆಂಟ್ ತೆಗೆಯುವ ಉದ್ಯಮದಷ್ಟು ದಿನಾಂಕದ ಮರ್ಜಿಗೆ ಸಿಕ್ಕ ಉದ್ಯಮ ನಮ್ಮ ಪೇಟೆಯಲ್ಲಿ ಮತ್ತೊಂದಿಲ್ಲ. ಹೈದರಾಬಾದಿನ ಕಥೆಯೇ ಇದಕ್ಕೆ ಸಾಕಷ್ಟು ಸಾಕ್ಷಿ ಕೊಡುತ್ತದೆ.

ಚಿಪ್ ಬರಬೇಕಿದ್ದ ಜಾಗ

ಹೊರವರ್ತುಲ ರಸ್ತೆಯಲ್ಲಿ ತುಕ್ಕುಗುಡ ದಾಟಿದರೆ ರಾವಿರ್ಯಾಲ. ಬೆಂಗಳೂರಿನವರಿಗೆ ಬಿಡದಿಯಿಂದ ಪರಿಚಯವಿರುವ ವಂಡರ್‌ಲಾದ ಹೈದರಾಬಾದ್ ಶಾಖೆ ಇರುವುದು ಈ ಊರಿನಲ್ಲೇ. ದಖ್ಖನ್ನಿನ ಬೋಳು ಬಂಡೆಗಳ ನಡುವಿನ ಇಲ್ಲಿನ ಕೈಗಾರಿಕಾ ಪ್ರದೇಶಕ್ಕೆ 2006ರಲ್ಲಿ ಇಟ್ಟ ಹೆಸರು ಫ್ಯಾಬ್ ಸಿಟಿ. ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಇಲ್ಲಿ ಸೆಮ್‌ಇಂಡಿಯಾ ಸಂಸ್ಥೆಯಿಂದ ಕಂಪ್ಯೂಟರ್ ಚಿಪ್ ಕಾರ್ಖಾನೆ ತರಿಸುವ ಯೋಜನೆ ಹಾಕಿತ್ತು. ಚಿಪ್ ಬರಲಿಲ್ಲ. ಅದೇ ಸಿಲಿಕಾನ್ ಬಳಸುವ ಸೌರ ಕಂಪನಿಗಳು ಬಂದವು. ಈಗ ಅದರ ಹೆಸರು ಇ-ಸಿಟಿ. ಪ್ರೀಮಿಯರ್ ಎನರ್ಜೀಸ್‌ನ ನೋಂದಾಯಿತ ಕಚೇರಿ, ಸೆಲ್ ಕಾರ್ಖಾನೆ ಎರಡೂ ಇಲ್ಲೇ ಇವೆ.

ಕಂಪನಿ ಹುಟ್ಟಿದ್ದು 1995ರಲ್ಲಿ, ಪ್ರೀಮಿಯರ್ ಸೋಲಾರ್ ಸಿಸ್ಟಮ್ಸ್ ಎಂಬ ಹೆಸರಿನಲ್ಲಿ. ಕಟ್ಟಿದವರು ಸುರೇಂದರ್ ಪಾಲ್ ಸಿಂಗ್. ಈಗ ನಡೆಸುತ್ತಿರುವವರು ಮಗ ಚಿರಂಜೀವ್ ಸಿಂಗ್ ಸಲೂಜಾ. ಅದೇ 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆ ಅವರ ಸೆಲ್ಕೊ ಶುರುವಾಗಿ ಕರಾವಳಿ, ಮಲೆನಾಡಿನ ಮನೆಗಳಿಗೆ ಸೌರದೀಪ ಮುಟ್ಟಿಸಿತು. ಬೆಂಗಳೂರಿನಲ್ಲೇ ಟಾಟಾ ಬಿಪಿ ಸೋಲಾರ್ 1989ರಿಂದ ಇತ್ತು. ಅಂದರೆ ದಕ್ಷಿಣದ ಈ ಎರಡು ನಗರಗಳಲ್ಲಿ ಸೌರ ಉದ್ಯಮ ನಿನ್ನೆ ಮೊನ್ನೆಯದಲ್ಲ. ಷೇರು ಕೊಳ್ಳುವವರು ನೋಡುವ ಪಟ್ಟಿ ಮಾತ್ರ 2024ರ ಸೆಪ್ಟೆಂಬರ್‌ನಿಂದ ಶುರುವಾಗುತ್ತದೆ.

ಅದಕ್ಕೂ ಹಿಂದಿನದನ್ನು ಕಂಪನಿಯ ಲೆಕ್ಕಪತ್ರ ಹೇಳುತ್ತದೆ. 2021-22ರಲ್ಲಿ ವರಮಾನ ಸುಮಾರು 743 ಕೋಟಿ, ನಷ್ಟ 14 ಕೋಟಿ. 2022-23ರಲ್ಲಿ ವರಮಾನ ಹೆಚ್ಚುಕಮ್ಮಿ ಇಮ್ಮಡಿಯಾಗಿ 1,428 ಕೋಟಿಗೆ ಹೋದರೂ 13 ಕೋಟಿ ನಷ್ಟ. ಮರುವರ್ಷ 3,144 ಕೋಟಿ ವರಮಾನ, 231 ಕೋಟಿ ಲಾಭ. 2024-25ರಲ್ಲಿ 6,519 ಕೋಟಿ ವರಮಾನ, 937 ಕೋಟಿ ಲಾಭ. ಎರಡು ವರ್ಷ ನಷ್ಟದಲ್ಲಿದ್ದ ಕಾರ್ಖಾನೆ ಮುಂದಿನ ಎರಡು ವರ್ಷದಲ್ಲಿ ಸಾವಿರ ಕೋಟಿ ಲಾಭದ ಹೊಸ್ತಿಲಿಗೆ ಬಂದದ್ದು ಕೇವಲ ಕೆಲಸಗಾರರ ದುಡಿಮೆಯಿಂದಲ್ಲ. ದೆಹಲಿಯಲ್ಲಿ ಕೆಲವು ದಿನಾಂಕಗಳು ಗೊತ್ತಾಗಿದ್ದವು. 2022ರ ಏಪ್ರಿಲ್ 1ರಿಂದ ಆಮದು ಮಾಡ್ಯೂಲಿಗೆ, ಅಂದರೆ ಜೋಡಿಸಿದ ಫಲಕಕ್ಕೆ, ಶೇ 40, ಸೆಲ್ಲಿಗೆ ಶೇ 25 ಸುಂಕ ಬಿತ್ತು. ಸರ್ಕಾರಿ ಯೋಜನೆಗಳಿಗೆ ಅನುಮೋದಿತ ಪಟ್ಟಿಯಲ್ಲಿರುವ ತಯಾರಕರ ಮಾಡ್ಯೂಲನ್ನೇ ಬಳಸಬೇಕೆಂಬ ನಿಯಮ, ಅಂದರೆ ಪೇಟೆಯವರು ಎಎಲ್‌ಎಂಎಂ ಎನ್ನುವುದು, ಒಂದು ವರ್ಷದ ವಿನಾಯಿತಿ ಮುಗಿಸಿ 2024ರ ಏಪ್ರಿಲ್ 1ರಂದು ಮರಳಿ ಜಾರಿಗೆ ಬಂತು. ಅದೇ ವರ್ಷ ಫೆಬ್ರುವರಿಯಲ್ಲಿ ಒಂದು ಕೋಟಿ ಮನೆಗಳ ಮಾಳಿಗೆಗೆ ಫಲಕ ಹಾಕುವ ಪಿಎಂ ಸೂರ್ಯ ಘರ್ ಯೋಜನೆ ಆರಂಭವಾಯಿತು. ಇತ್ತ ಚೀನಾದಲ್ಲಿ ಸಿಲಿಕಾನ್ ಬಿಲ್ಲೆಗಳ ಬೆಲೆ ಕುಸಿಯುತ್ತಿತ್ತು. ಕಚ್ಚಾ ಮಾಲು ಅಗ್ಗ, ಮಾರುವ ಬೆಲೆಗೆ ಸುಂಕದ ರಕ್ಷಣೆ. ಲಾಭ ಉಬ್ಬಿದ್ದು ಈ ಎರಡರ ನಡುವಿನ ಅಂತರದಲ್ಲಿ.

ಐಪಿಒ ಬಂದದ್ದು ಆ ಅಂತರ ಅಗಲವಾಗಿದ್ದ ಹೊತ್ತಿನಲ್ಲಿ. ಹೂಡಿಕೆದಾರರು ಕಂಡದ್ದು ಏರುತ್ತಿದ್ದ ಗೆರೆಯ ಕೊನೆಯ ತುಂಡನ್ನು.

ಸಿಗದ ಷೇರಿನ ಲಾಭ

ಈಗ ಲೆಕ್ಕಕ್ಕೆ ಬರೋಣ. 450ಕ್ಕೆ ಸಿಕ್ಕ ಷೇರನ್ನು 990ಕ್ಕೆ ಮಾರಿದ್ದರೆ ಒಂದು ಲಾಟಿಗೆ 17,820 ರೂಪಾಯಿ ಲಾಭ. ಎಲ್ಲರೂ ಹೇಳುವುದು ಇಷ್ಟನ್ನೇ. ಆದರೆ ಆ ಐಪಿಒಗೆ ಒಟ್ಟಾರೆ ಸುಮಾರು 75 ಪಟ್ಟು ಬೇಡಿಕೆ ಬಂದಿತ್ತು. ದೊಡ್ಡ ಸಂಸ್ಥೆಗಳ ಪಾಲಿಗೆ 200 ಪಟ್ಟಿಗೂ ಮೇಲೆ, ಸಣ್ಣ ಹೂಡಿಕೆದಾರರ ಪಾಲಿಗೆ ಏಳು ಪಟ್ಟಿಗೂ ಹೆಚ್ಚು. ಬೇಡಿಕೆ ಹೀಗೆ ಮೀರಿದಾಗ ಸಣ್ಣ ಅರ್ಜಿದಾರರಿಗೆ ಲಾಟರಿ ಎತ್ತಿ ಒಂದೊಂದು ಲಾಟ್ ಕೊಡುತ್ತಾರೆ. ಅದನ್ನು ನಡೆಸಿದ ರಿಜಿಸ್ಟ್ರಾರ್ ಸಂಸ್ಥೆ ಕೆಫಿನ್ ಟೆಕ್ನಾಲಜೀಸ್ ಕೂಡ ಹೈದರಾಬಾದಿನದೇ. ಸುಮಾರು ಏಳು ಅರ್ಜಿಗೆ ಒಂದು ಲಾಟ್ ಎಂದು ಹಿಡಿದರೆ, ಅರ್ಜಿ ಹಾಕಿದ ಪ್ರತಿಯೊಬ್ಬನ ನಿರೀಕ್ಷೆಯ ಬೆಲೆ 17,820ರ ಏಳನೇ ಒಂದು ಭಾಗ, ಅಂದರೆ 2,500 ರೂಪಾಯಿ ಚಿಲ್ಲರೆ. ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ 20 ತೆರಿಗೆ. ಅದನ್ನೂ ಕಳೆದರೆ ಉಳಿಯುವುದು ಎರಡು ಸಾವಿರದ ಆಸುಪಾಸು. ಷೇರು ಸಿಕ್ಕವರಿಗೆ ಸಂತೋಷ, ಸಿಗದ ಆರು ಮಂದಿಗೆ ಸೊನ್ನೆ. "ಆಗ ಹಾಕಿದ್ದರೆ" ಎನ್ನುವವರು ಈ ಆರು ಮಂದಿಯನ್ನು ಲೆಕ್ಕದಿಂದ ಬಿಟ್ಟೇ ಮಾತಾಡುತ್ತಾರೆ.

ಇನ್ನೊಂದು ವಿಷಯ ಷೇರುಪೇಟೆಯ ನಿಯಂತ್ರಕ ಸೆಬಿಯ ಅಧ್ಯಯನದಿಂದ ತಿಳಿಯುತ್ತದೆ. 2021ರ ಏಪ್ರಿಲ್‌ನಿಂದ 2023ರ ಡಿಸೆಂಬರ್‌ವರೆಗಿನ 144 ಐಪಿಒಗಳನ್ನು ಪರಿಶೀಲಿಸಿ 2024ರ ಸೆಪ್ಟೆಂಬರ್‌ನಲ್ಲಿ, ಪ್ರೀಮಿಯರ್ ಪೇಟೆಗೆ ಬಂದ ತಿಂಗಳಲ್ಲೇ, ಅದು ಪ್ರಕಟವಾಯಿತು. ವ್ಯಕ್ತಿಗತ ಹೂಡಿಕೆದಾರರು ತಮಗೆ ಸಿಕ್ಕ ಷೇರುಗಳಲ್ಲಿ ಮೌಲ್ಯದ ಲೆಕ್ಕಕ್ಕೆ ಅರ್ಧದಷ್ಟನ್ನು ಮೊದಲ ವಾರದಲ್ಲೇ, ಶೇ 70ರಷ್ಟನ್ನು ಒಂದು ವರ್ಷದೊಳಗೆ ಮಾರಿದ್ದರು. ಲಾಭ ಶೇ 20 ದಾಟಿದ ಕಡೆ ವಾರದೊಳಗೇ ಮೂರರಲ್ಲಿ ಎರಡು ಪಾಲು ಖಾಲಿ. ನಷ್ಟದಲ್ಲಿದ್ದ ಷೇರುಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹಾಗಾಗಿ ಹತ್ತು ವರ್ಷ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬ ಕೋಷ್ಟಕ ಬಹುಮಟ್ಟಿಗೆ ಯಾರೂ ಪಡೆಯದ ಲಾಭದ ಕೋಷ್ಟಕ.

ಪ್ರೀಮಿಯರ್ ಷೇರು 2024ರ ಡಿಸೆಂಬರ್‌ನಲ್ಲಿ 1,300 ದಾಟಿ 1,400ರ ಹತ್ತಿರ ಹೋಯಿತು. ಜನವರಿಯಿಂದ ಇಳಿಯತೊಡಗಿ 2025ರ ಏಪ್ರಿಲ್ ಹೊತ್ತಿಗೆ 800ರ ಸುತ್ತಮುತ್ತ ಬಂದು ನಿಂತಿತು. ಐಪಿಒದಲ್ಲಿ ಒಂದು ಲಾಟ್ ಪಡೆದು ಇಟ್ಟುಕೊಂಡವರಿಗೆ ಆಗಲೂ 14,850 ರೂಪಾಯಿ 26,400 ಆಗಿತ್ತು. ಡಿಸೆಂಬರ್‌ನಲ್ಲಿ 1,380ರಂತೆ 72 ಷೇರು ಕೊಂಡು 99,360 ರೂಪಾಯಿ ಹಾಕಿದವರ ಕೈಯಲ್ಲಿ 57,600 ಉಳಿದಿತ್ತು. ಅದೇ ಕಾರ್ಖಾನೆ, ಲಾಭ ಹೆಚ್ಚುತ್ತಿದ್ದ ಅದೇ ವರ್ಷ. ಒಬ್ಬರಿಗೆ ಶೇ 78 ಗಳಿಕೆ, ಮತ್ತೊಬ್ಬರಿಗೆ ಶೇ 42 ನಷ್ಟ. ಆ 42 ತುಂಬಲು 42 ಏರಿದರೆ ಸಾಲದು, ಶೇ 72ರಷ್ಟು ಏರಬೇಕು. ಏರಿಳಿತದ ಷೇರಿನ ಈ ಗಣಿತವನ್ನು ನಿವೃತ್ತಿಯ ಹಣ ಹಾಕಲು ಹೊರಟವರಿಗೆ ಯಾರಾದರೂ ಮೊದಲೇ ಕೂರಿಸಿ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮುಂಬೈನ ಸೌರ ಫಲಕ ತಯಾರಕ ವಾರಿ ಎನರ್ಜೀಸ್‌ನದೂ ಇದೇ ಕಥೆ. 2024ರ ಅಕ್ಟೋಬರ್‌ನಲ್ಲಿ 1,503ಕ್ಕೆ ಹಂಚಿದ ಷೇರು 2,500ಕ್ಕೆ ತೆರೆದು, ಹತ್ತು ಹನ್ನೆರಡು ದಿನದಲ್ಲಿ 3,700 ಮುಟ್ಟಿ, ಮರುವರ್ಷದ ಬೇಸಿಗೆಗೆ 2,000ದ ಕೆಳಗೆ ಹೋಗಿ ಬಂತು.

ಸ್ಪೇನ್ ಬಾಗಿಲು ಹಾಕಿದಾಗ

ಹೈದರಾಬಾದಿಗೆ ಸೌರ ಷೇರಿನ ಹುಚ್ಚು ಹಿಡಿದದ್ದು ಇದೇ ಮೊದಲಲ್ಲ. ಸಿಕಂದರಾಬಾದಿನ ಎಕ್ಸ್‌ಎಲ್ ಟೆಲಿಕಾಂ ಎಂಬ ದೂರಸಂಪರ್ಕ ಉಪಕರಣಗಳ ಕಂಪನಿ 2006ರ ಕೊನೆಯಲ್ಲಿ ಐಪಿಒ ಮಾಡಿತು. ಬಲುಬೇಗ ಸೌರ ಫಲಕಗಳ ಕಡೆ ಹೊರಳಿ ತನ್ನ ಹೆಸರಿಗೆ ಎನರ್ಜಿಯನ್ನೂ ಸೇರಿಸಿಕೊಂಡಿತು. ಯುರೋಪಿನಲ್ಲಿ, ವಿಶೇಷವಾಗಿ ಸ್ಪೇನಿನಲ್ಲಿ, ಆಗ ಫಲಕಗಳಿಗೆ ಮುಗಿಬೀಳುತ್ತಿದ್ದರು. ಸೌರ ವಿದ್ಯುತ್ತಿಗೆ ಅಲ್ಲಿನ ಸರ್ಕಾರ ಬಹಳ ಧಾರಾಳ ದರ ಘೋಷಿಸಿತ್ತು. 2008ರ ಒಂದೇ ವರ್ಷದಲ್ಲಿ ಸ್ಪೇನಿನಲ್ಲಿ 2,500 ಮೆಗಾವಾಟಿಗೂ ಹೆಚ್ಚು ಫಲಕ ಏರಿದವು. ಅದೇ ಸೆಪ್ಟೆಂಬರ್‌ನಲ್ಲಿ ಹೊಸ ಆಜ್ಞೆ ಬಂತು: ದರ ಕಡಿತ, ವರ್ಷಕ್ಕೆ 500 ಮೆಗಾವಾಟಿನ ಮಿತಿ. ಲೇಮನ್ ಬ್ರದರ್ಸ್ ಬಿದ್ದದ್ದೂ ಆ ತಿಂಗಳೇ. ರಫ್ತನ್ನು ನಂಬಿದ್ದ ತಯಾರಕರಿಗೆ ಎರಡೂ ಕಡೆಯಿಂದ ಪೆಟ್ಟು. ಎಕ್ಸ್‌ಎಲ್ ಷೇರು ವರ್ಷದಿಂದ ವರ್ಷಕ್ಕೆ ಕರಗಿ ಕೆಲವೇ ರೂಪಾಯಿಗಳ ಷೇರಾಯಿತು.

ಹೈದರಾಬಾದಿನ ಹೊಸ ಹೂಡಿಕೆದಾರರಿಗೆ ಆ ಕಂಪನಿಯ ಹೆಸರೇ ಗೊತ್ತಿಲ್ಲ. ಗೊತ್ತಿರಲು ದಾರಿಯೂ ಇಲ್ಲ. "ಆಗ ಹಾಕಿದ್ದರೆ" ಪಟ್ಟಿಗಳಿಗೆ ಸೇರುವುದು ಇಂದಿಗೂ ಬದುಕಿರುವ ಕಂಪನಿಗಳು ಮಾತ್ರ. 2010ರಲ್ಲಿ ಐಪಿಒ ಮಾಡಿ ದಿವಾಳಿ ಪ್ರಕ್ರಿಯೆಗೆ ಹೋಗಿ 2022ರಲ್ಲಿ ವಾರಿ ಕೈಸೇರಿದ ಇಂಡೊಸೋಲಾರ್, ಸಿ.ಡಿ. ತಯಾರಿಕೆಯಿಂದ ಸೌರಕ್ಕೆ ಬಂದು 2018ರಲ್ಲಿ ಆಸ್ತಿ ಮಾರಾಟದ ಆದೇಶ ಕಂಡ ಮೋಸರ್ ಬೇರ್, ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿದ್ದ ಚೀನಾದ ಸನ್‌ಟೆಕ್ ಯಾವುವೂ ಆ ಪಟ್ಟಿಯಲ್ಲಿ ಇರುವುದಿಲ್ಲ. ಆ ವರ್ಷಗಳಲ್ಲಿ ನಿಂತು ಮುಂದೆ ನೋಡುತ್ತಿದ್ದವನಿಗೆ ಇವೆಲ್ಲ ಪ್ರೀಮಿಯರ್, ವಾರಿಗಳಷ್ಟೇ ಭರವಸೆಯ ಹೆಸರುಗಳಾಗಿದ್ದವು.

ಬದುಕಿ ಉಳಿದದ್ದರ ಕಥೆ ಬೇಕಾದರೆ ಅಮೆರಿಕದ ಫಸ್ಟ್ ಸೋಲಾರ್ ಇದೆ. ಹೈಟೆಕ್ ಸಿಟಿಯ ಎಷ್ಟೋ ಹುಡುಗರು ಈಗ ಡಾಲರಿನಲ್ಲಿ ಇದನ್ನು ಕೊಳ್ಳುತ್ತಾರೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ದೊಡ್ಡ ಕಾರ್ಖಾನೆಯನ್ನೂ ತೆರೆದ ಕಂಪನಿ ಇದು. ಐಪಿಒ 2006ರ ನವೆಂಬರ್‌ನಲ್ಲಿ, ಷೇರಿಗೆ 20 ಡಾಲರಿನಂತೆ. 2008ರ ಮೇ ತಿಂಗಳಲ್ಲಿ 300 ದಾಟಿತು. ಒಂದೂವರೆ ವರ್ಷದಲ್ಲಿ ಹದಿನೈದು ಪಟ್ಟು. 2012ರ ಜೂನ್‌ನಲ್ಲಿ 12ಕ್ಕೂ ಕೆಳಗೆ. 2024ರ ಜೂನ್‌ನಲ್ಲಿ ಮತ್ತೆ 300ರ ಮೇಲೆ ತಲೆಯೆತ್ತಿತು.

ಇಲ್ಲಿ ಯಾವ ಉತ್ತರ ಬೇಕೋ ಅದನ್ನು ಪಡೆಯಬಹುದು. 2006ರಿಂದ 2024ಕ್ಕೆ ಗೆರೆ ಎಳೆದರೆ ಹದಿನೈದು ಪಟ್ಟು. 2006ರಿಂದ 2012ಕ್ಕೆ ಎಳೆದರೆ ಐಪಿಒದಲ್ಲೇ ಕೊಂಡವನಿಗೂ ಶೇ 40 ನಷ್ಟ. 2012ರಿಂದ 2024ಕ್ಕೆ ಎಳೆದರೆ ಇಪ್ಪತ್ತೈದು ಪಟ್ಟು. ಇವಕ್ಕಿಂತ ನನ್ನನ್ನು ಕಾಡುವುದು 2008ರ ಮೇ ತಿಂಗಳಲ್ಲಿ 300ಕ್ಕೆ ಕೊಂಡವನ ಲೆಕ್ಕ. ಆತ ತನ್ನ ಒಂದು ಲಕ್ಷ ನಾಲ್ಕು ಸಾವಿರವಾದದ್ದನ್ನು ಕಂಡೂ ಮಾರದೆ ಹದಿನಾರು ವರ್ಷ ಕೂತ ಎಂದುಕೊಳ್ಳಿ. 2024ರ ಜೂನ್‌ನ ಆ ಕೆಲವು ದಿನಗಳಲ್ಲಿ ಹಾಕಿದಷ್ಟು ಡಾಲರ್ ಮರಳಿ ಸಿಕ್ಕಿತು. ಡಿವಿಡೆಂಡ್ ಎಂದು ಕಂಪನಿ ಕೊಟ್ಟದ್ದು ಏನೂ ಇಲ್ಲ. ರೂಪಾಯಿಯಲ್ಲಿ ನೋಡಿದರೆ ಡಾಲರ್ ಸುಮಾರು 42ರಿಂದ 83ಕ್ಕೆ ಏರಿದ್ದರಿಂದ ಹಣ ಇಮ್ಮಡಿಯಾದಂತೆ ಕಾಣುತ್ತದೆ. ಹದಿನಾರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಶೇ 4.4. ಶೇ 7ರ ಚಕ್ರಬಡ್ಡಿಯ ಠೇವಣಿಯಲ್ಲಿ ಅದೇ ಹಣ ಹತ್ತಿರ ಹತ್ತಿರ ಮೂರು ಪಟ್ಟು ಆಗುತ್ತಿತ್ತು. ಉದ್ಯಮದ ಬಗ್ಗೆ ಆತನ ನಂಬಿಕೆ ಪೂರ್ತಿ ನಿಜವಾಯಿತು. ಜಗತ್ತು ಆತ ಊಹಿಸಿದ್ದಕ್ಕಿಂತ ಹೆಚ್ಚು ಸೌರ ಫಲಕಗಳನ್ನು ಹಾಕಿತು. ಆದರೂ ದುಡ್ಡು ಮಾತ್ರ ಬೆಳೆಯಲಿಲ್ಲ.

ಅಗ್ಗವಾದಷ್ಟೂ

ಇದಕ್ಕೆ ಕಾರಣ ಸೌರ ಸೆಲ್ಲನ್ನು ಕೈಯಲ್ಲಿ ಹಿಡಿದರೆ ಅರ್ಧ ತಿಳಿಯುತ್ತದೆ. ಅಂಗೈಗಿಂತ ದೊಡ್ಡದಾದ ಕಪ್ಪುನೀಲಿ ಬಿಲ್ಲೆ, ಒಂದು ಬದಿ ಸುಮಾರು 182 ಮಿಲಿಮೀಟರ್, ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗಕ್ಕೂ ಕಡಿಮೆ. ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಸೀಳಿಬಿಡುತ್ತದೆ. ಮೇಲೆ ಕೂದಲೆಳೆಯಂಥ ಬೆಳ್ಳಿಯ ಗೆರೆಗಳನ್ನು ಮುದ್ರಿಸಿರುತ್ತಾರೆ. ಬಿಸಿಲು ಬಿದ್ದಾಗ ಸಿಲಿಕಾನಿನೊಳಗೆ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಹೊರಕ್ಕೆ ಸಾಗಿಸುವುದು ಆ ಗೆರೆಗಳೇ. ರಾವಿರ್ಯಾಲದಲ್ಲಿ ಮಾಡಿದ ಬಿಲ್ಲೆಗೂ ಚೀನಾದ ಜಿಯಾಂಗ್ಸುವಿನಲ್ಲಿ ಮಾಡಿದ ಬಿಲ್ಲೆಗೂ ಕಣ್ಣಿಗೆ ವ್ಯತ್ಯಾಸವಿಲ್ಲ. ಸ್ಥಾವರ ಕಟ್ಟುವವನು ವಾಟಿಗೆ ಎಷ್ಟು ಪೈಸೆ ಎಂದು ಕೇಳುತ್ತಾನೆಯೇ ಹೊರತು ಬ್ರ್ಯಾಂಡ್ ನೋಡಿ ಮನಸೋಲುವುದಿಲ್ಲ. ಮೇಲಾಗಿ ಯಂತ್ರಗಳು ಬಹಳ ಬೇಗ ಹಳತಾಗುತ್ತವೆ. ಕೆಲವೇ ವರ್ಷಗಳ ಹಿಂದೆ ಎಲ್ಲರೂ ಮೋನೊ ಪರ್ಕ್ ಎಂಬ ತಂತ್ರದ ಸೆಲ್ ಮಾಡುವ ಯಂತ್ರಸಾಲುಗಳನ್ನು ಕೊಂಡರು. ಅವುಗಳ ಸಾಲ ತೀರುವ ಮುನ್ನವೇ ಟಾಪ್‌ಕಾನ್ ಎಂಬ ಹೊಸ ತಂತ್ರ ಬಂತು. ಲಾಭವೆಂದು ಬಂದ ಹಣ ಮತ್ತೆ ಹೊಸ ಯಂತ್ರಕ್ಕೇ ಹೋಗುತ್ತದೆ.

2008ರಲ್ಲಿ ಶುದ್ಧ ಸಿಲಿಕಾನಿನ ಬೆಲೆ ಕಿಲೋಗೆ 400 ಡಾಲರ್ ದಾಟಿತ್ತು. ಫಸ್ಟ್ ಸೋಲಾರ್ ಸಿಲಿಕಾನ್ ಬಳಸುವುದಿಲ್ಲ, ಕ್ಯಾಡ್ಮಿಯಂ ಟೆಲ್ಯುರೈಡಿನ ತೆಳು ಲೇಪ ಬಳಸುತ್ತದೆ. ಅದರ ಷೇರು ಮುಗಿಲು ಮುಟ್ಟಲು ಅದೂ ಒಂದು ಕಾರಣ. 2012ರ ಕೊನೆಗೆ ಸಿಲಿಕಾನ್ 20 ಡಾಲರಿಗೂ ಕೆಳಗೆ ಬಂತು. ಆ ಹೆಚ್ಚುಗಾರಿಕೆ ಕರಗಿತು, ಷೇರೂ ಕರಗಿತು. ಆ ವರ್ಷಗಳಿಂದ ಮುಂದಕ್ಕೆ ನಮ್ಮ ದೇಶದಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್‌ಗೆ 12 ರೂಪಾಯಿಯ ಆಸುಪಾಸಿನಿಂದ ಇಳಿಯುತ್ತ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44ಕ್ಕೆ, 2020ರ ಡಿಸೆಂಬರ್‌ನಲ್ಲಿ ಗುಜರಾತಿನಲ್ಲಿ 1.99ಕ್ಕೆ ಮುಟ್ಟಿತು. ಪಂಪ್‌ಸೆಟ್ಟಿಗೆ, ಮನೆಗೆ, ಆಸ್ಪತ್ರೆಗೆ ಕರೆಂಟ್ ಬೇಕಾದ ನಮಗೆಲ್ಲ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಬೆಲೆ ಬಿದ್ದಷ್ಟೂ ಬಿಸಿಲು ಎಲ್ಲರಿಗೂ ದಕ್ಕುತ್ತದೆ, ತಯಾರಕನ ಷೇರು ಹಿಡಿದವನಿಗೆ ಅಷ್ಟೇ ಕಷ್ಟ. ಒಳ್ಳೆಯ ಮಳೆಯಾಗಿ ಟೊಮೆಟೊ ರಾಶಿ ಬಿದ್ದ ವರ್ಷ ಕೋಲಾರದ ರೈತನ ಪಾಡು ಹೇಗಿರುತ್ತದೋ ಹಾಗೆ.

ದರದ ಈ ಓಟದಲ್ಲಿ ಹೈದರಾಬಾದಿಗೆ ಇನ್ನೊಂದು ನಂಟೂ ಇದೆ. 2015ರ ನವೆಂಬರ್‌ನಲ್ಲಿ ಅಮೆರಿಕದ ಸನ್‌ಎಡಿಸನ್ ಕಂಪನಿ ಆಗಿನ ಕರ್ನೂಲು ಜಿಲ್ಲೆಯ ಘನಿಯಲ್ಲಿ 500 ಮೆಗಾವಾಟ್ ಸ್ಥಾವರಕ್ಕೆ ಯೂನಿಟ್‌ಗೆ 4.63 ರೂಪಾಯಿ ಎಂದು ಕೂಗಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆ ಜುಲೈನಲ್ಲಿ ಅದರ ಷೇರು 30 ಡಾಲರಿನ ಮೇಲಿತ್ತು. 2016ರ ಏಪ್ರಿಲ್ 21ರಂದು ದಿವಾಳಿ ಅರ್ಜಿ ಹಾಕಿದಾಗ ಒಂದು ಡಾಲರಿಗೂ ಕೆಳಗೆ ಬಿದ್ದಿತ್ತು. ಕೊನೆಗೆ ಷೇರುದಾರರಿಗೆ ಏನೂ ಉಳಿಯಲಿಲ್ಲ. ಅದರ ಭಾರತದ ಆಸ್ತಿಗಳನ್ನು ಕೊಂಡದ್ದು ಹೈದರಾಬಾದಿನ ಗ್ರೀನ್‌ಕೊ. ಘನಿಯಲ್ಲಿ ಫಲಕಗಳು ಕರೆಂಟ್ ಕೊಟ್ಟವು. ಅವುಗಳ ಕನಸು ಕಂಡ ಕಂಪನಿಯ ಷೇರು ಮಾತ್ರ ಕಾಗದವಾಯಿತು. ಕರಾವಳಿಯವರು ಗಾಳಿ ವಿದ್ಯುತ್ತಿನ ಸುಜ್ಲಾನಿನಲ್ಲಿ ಇದನ್ನೇ ಕಂಡಿದ್ದಾರೆ. ಪಡುಬಿದ್ರಿಯಲ್ಲಿ ಅದರ ಘಟಕವಿದ್ದುದರಿಂದ ಊರ ಕಂಪನಿಯೆಂಬ ಅಕ್ಕರೆಯಿಂದಲೂ ಕೊಂಡವರಿದ್ದರು. 2008ರ ಜನವರಿಯಲ್ಲಿ 450ರ ಮೇಲಿದ್ದ ಷೇರು 2020ರ ಮಾರ್ಚ್‌ನಲ್ಲಿ ಎರಡು ರೂಪಾಯಿಗೂ ಕೆಳಗಿಳಿಯಿತು, 2024ರ ಸೆಪ್ಟೆಂಬರ್‌ನಲ್ಲಿ 80 ದಾಟಿತು. ಎರಡು ರೂಪಾಯಿಯಿಂದ 80 ಎಂದರೆ ನಲವತ್ತು ಪಟ್ಟು ಎಂದು ಬೀಗುವವರ ಪಕ್ಕದಲ್ಲೇ 450ರವರು ಕೂತಿದ್ದಾರೆ.

ಈಗಿನ ಸೌರ ಷೇರುಗಳಿಗೆ ಅಂಟಿದ ದಿನಾಂಕಗಳೂ ಸಣ್ಣವಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅನುಮೋದಿತ ಪಟ್ಟಿಯಲ್ಲಿನ ಮಾಡ್ಯೂಲ್ ತಯಾರಿಕಾ ಸಾಮರ್ಥ್ಯ 100 ಗಿಗಾವಾಟ್ ಮುಟ್ಟಿತೆಂದು ಹೆಮ್ಮೆಯಿಂದ ಹೇಳಿತು. 2024-25ರಲ್ಲಿ ದೇಶ ಅಳವಡಿಸಿದ್ದು ಸುಮಾರು 24 ಗಿಗಾವಾಟ್. ಉಳಿದದ್ದು ಎಲ್ಲಿಗೆ ಹೋಗಬೇಕು? ಅಮೆರಿಕದ ಬಾಗಿಲು ಅದೇ ತಿಂಗಳು ಶೇ 50 ಸುಂಕದಿಂದ ಕಿರಿದಾಯಿತು. ಸೆಲ್ಲುಗಳಿಗೂ ಅನುಮೋದಿತ ಪಟ್ಟಿ ಕಡ್ಡಾಯ ಮಾಡಲು 2026ರ ಜೂನ್ 1 ಗೊತ್ತಾದದ್ದರಿಂದ ಸ್ವಂತ ಸೆಲ್ ಇರುವ ಪ್ರೀಮಿಯರ್‌ನಂಥವರಿಗೆ ಅನುಕೂಲ. ಆದರೆ ಆ ಅನುಕೂಲ ನೋಡಿ ಉಳಿದವರೂ ಸೆಲ್ ಕಾರ್ಖಾನೆ ಕಟ್ಟಲು ಹೊರಟಿದ್ದಾರೆ. ಸ್ಪೇನಿನಲ್ಲಿ ನಡೆದದ್ದು ಇಲ್ಲಿಯೂ ಹಾಗೆಯೇ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದ ಬೇಡಿಕೆ ಸ್ಪೇನಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆಳವಾದದ್ದು. ಆದರೆ ಷೇರಿನ ಬೆಲೆ ಒಂದು ಸರ್ಕಾರಿ ಆದೇಶದ ಮೇಲೆ ನಿಂತಿರುವಾಗ, ಹಿಂದಿನ ಗಳಿಕೆಯ ಕೋಷ್ಟಕ ತೋರಿಸಿ ಯಾರಾದರೂ ಮುಂದಿನ ಮಾತು ಕೊಟ್ಟರೆ ಆ ಆದೇಶದ ಪ್ರತಿಯನ್ನೂ ಓದಿದ್ದೀರಾ ಎಂದು ಕೇಳಬೇಕು.

ಪಾವಗಡದ ಬಾಡಿಗೆ

ಬಿಸಿಲಿನಿಂದ ಹಣ ಮಾಡುವ ಬೇರೊಂದು ದಾರಿಯನ್ನು ತುಮಕೂರು ಜಿಲ್ಲೆಯ ಪಾವಗಡದ ರೈತರು ಹಿಡಿದರು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಶಕ್ತಿಸ್ಥಳ ಸೌರ ಪಾರ್ಕ್ ಎದ್ದಿತು. ಅದರ ಮೊದಲ ಹಂತವನ್ನು 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಇಲ್ಲಿ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಪಹಣಿ ರೈತನ ಹೆಸರಿನಲ್ಲೇ. ಮೇಲಿಂದ ಮೇಲೆ ಬರ ಬಿದ್ದು ಶೇಂಗಾ ಕೈಕೊಡುತ್ತಿದ್ದ ನೆಲಕ್ಕೆ ಆ ಮೊತ್ತ ಸಣ್ಣದಾಗಿರಲಿಲ್ಲ.

ಇದರ ಲೆಕ್ಕ ಹಾಕಲು ಊಹೆ ಬೇಕಿಲ್ಲ. ಹತ್ತು ವರ್ಷಕ್ಕೆ ಎಕರೆಗೆ ಒಟ್ಟು 2,32,000 ರೂಪಾಯಿ. ಹತ್ತನೆಯ ವರ್ಷದ ಬಾಡಿಗೆ 25,525. ಚೀನಾದಲ್ಲಿ ಸಿಲಿಕಾನ್ ಏರಲಿ ಇಳಿಯಲಿ, ದೆಹಲಿ ಸುಂಕ ಹಾಕಲಿ ಬಿಡಲಿ, ಅಂಕಿ ಅದೇ. ಯಾರ ಷೇರು ಬಿದ್ದರೂ ಭೂಮಿ ಎಲ್ಲಿಗೂ ಹೋಗುವುದಿಲ್ಲ. ಕೊರತೆಯೂ ಈ ಲೆಕ್ಕದೊಳಗೇ ಇದೆ. ಎರಡು ವರ್ಷಕ್ಕೆ ಶೇ 5 ಎಂದರೆ ವರ್ಷಕ್ಕೆ ಎರಡೂವರೆ, ಅಕ್ಕಿ ಬೇಳೆಯ ಬೆಲೆ ಅದಕ್ಕಿಂತ ಬೇಗ ಓಡುತ್ತದೆ. ಮುಂದಿನ ಗುತ್ತಿಗೆಗಳಲ್ಲಿ ಈ ಏರಿಕೆಯನ್ನು ಬೆಲೆಯೇರಿಕೆಗೆ ಕಟ್ಟಬೇಕು ಎಂದು ರೈತರು ಪಟ್ಟು ಹಿಡಿದರೆ ಅದು ನ್ಯಾಯವೇ.

ಆ ಊರುಗಳಲ್ಲಿ ಪಹಣಿ ಇಲ್ಲದವರೂ ಇದ್ದಾರೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತ, ಶೇಂಗಾ ಬಿಡಿಸುತ್ತ, ಕುರಿ ಮೇಯಿಸುತ್ತ ಬದುಕಿದವರು. ಬೇಲಿ ಬಿದ್ದ ಮೇಲೆ ಕೂಲಿ ಹೋಯಿತು, ಮೇವು ಹೋಯಿತು. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಿಕ್ಕಿತು. ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು. ಬಾಡಿಗೆಯ ಖಾತೆಯೂ ಡಿಮ್ಯಾಟ್ ಖಾತೆಯೂ ಅವರ ಹೆಸರಿನಲ್ಲಿಲ್ಲ. ಅವರಿಗೆ ಪಾರ್ಕಿನ ವರಮಾನದಲ್ಲಿ ಒಂದು ಪಾಲು ಎತ್ತಿಡುವ ನಿಯಮವನ್ನು ಹೊಸ ಸೌರ ಪಾರ್ಕುಗಳ ಗುತ್ತಿಗೆ ಪತ್ರದಲ್ಲೇ, ಎಕರೆಯ ದರ ಬರೆಯುವ ಸಾಲಿನ ಪಕ್ಕದಲ್ಲೇ, ಬರೆಯಬಹುದು.